ಯಂತ್ರ ತನ್ನದಲ್ಲ ಎಂದ ಫೈಲು

ಹೊಳೆಯ ದಂಡೆಯ ಒಂದು ಮಠದಲ್ಲಿ, ದಾಸೋಹದ ಮನೆಯ ಮಗ್ಗುಲಿಗೆ, ಹಳೆಯ ಕಂಪ್ಯೂಟರೊಂದು ಇತ್ತು. ಯುನಿಕ್ಸ್ ಎಂಬ ಹಳೆಯ ವ್ಯವಸ್ಥೆಯ ಮೇಲೆ ನಡೆಯುತ್ತಿದ್ದ ಅದರೊಳಗೆ ಹಿಂದಿನ ಗುರುಗಳ ಪ್ರವಚನಗಳೆಲ್ಲ ಅವರದೇ ದನಿಯಲ್ಲಿ ಉಳಿದಿದ್ದವು. ಯಾರೇ ಮಠಕ್ಕೆ ಫೋನ್ ಮಾಡಿದರೂ ಯಂತ್ರ ಅವನ್ನು ಕೇಳಿಸುತ್ತಿತ್ತು.

ಅದನ್ನು ಕೂಡಿಸಿ ನಡೆಸಿಕೊಂಡು ಬಂದಿದ್ದ ಫಕೀರಪ್ಪ ತೀರಿಕೊಂಡು ಆರು ತಿಂಗಳಾಗಿತ್ತು. ಇನ್ನು ಅದರ ಉಸ್ತುವಾರಿ ಶಿಷ್ಯ ಅಡಿವೆಪ್ಪನಿಗೆ ಬರಬೇಕಿತ್ತು. ಅವನಂತೂ ಅದಕ್ಕಾಗಿ ತುದಿಗಾಲ ಮೇಲೆ ನಿಂತಿದ್ದ.

ಆದರೆ ಮಠದ ಈಗಿನ ಗುರು ಮುರಿಗೆಯ್ಯಜ್ಜ ಅಷ್ಟು ಸಲೀಸಾಗಿ ಕೊಡುವವರಲ್ಲ.

"ಅದರಾಗ ಇಟಿಸಿ ಅಂತ ಒಂದು ಡೈರೆಕ್ಟರಿ ಐತಂತಲ್ಲ. ಯಂತ್ರ ಹೆಂಗ ನಡ್ಕೋಬೇಕು ಅನ್ನೂದೆಲ್ಲ ಅಲ್ಲೇ ಬರದಿರತೈತಿ ಅಂತ ಫಕೀರಪ್ಪ ಹೇಳತಿದ್ದ. ಅಲ್ಲಿ ನಿನಗ ಗುರುತಿಲ್ಲದ ಫೈಲು ಎಷ್ಟದಾವು, ಅವು ಯಾರವು, ತಿಳಕೊಂಡು ಬಾ. ಆಮ್ಯಾಲ ಉಸ್ತುವಾರಿ."

ಆ ಮಠದಲ್ಲಿ ತಾಳೆಗರಿ ಮುಟ್ಟುವವರು ಮೊದಲು ಅದನ್ನು ಕೈಯಾರೆ ನಕಲು ಮಾಡಿಕೊಳ್ಳಬೇಕು. ಅಜ್ಜ ಆ ಕಟ್ಟಳೆಯನ್ನು ಇಲ್ಲಿಗೂ ತಂದರು. ಕಣ್ಣು ಮಿಟುಕಿಸುವುದರೊಳಗೆ ಯಂತ್ರವೇ ನಕಲು ಮಾಡುತ್ತದೆಂದು ಅಡಿವೆಪ್ಪ ಎಷ್ಟು ಹೇಳಿದರೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಗೊಣಗುತ್ತಲೇ ಆ ಫೈಲುಗಳನ್ನೆಲ್ಲ ಬರೆದು ಎರಡು ನೋಟ್‌ಬುಕ್ ತುಂಬಿಸಿದ.

ತಿಂಗಳ ಮೇಲೆ, ಒಂದು ಶನಿವಾರ ಮುಂಜಾನೆ, ಎದೆ ಸೆಟೆಸಿಕೊಂಡು ಬಂದ.

"ಮುಗೀತ್ರಿ ಅಜ್ಜಾರ. ಗುರುತಿಲ್ಲದ್ದು ನಲವತ್ತೊಂದು ಇದ್ದುವು. ಈ ಫೈಲು ಯಾವ ಸಾಫ್ಟ್‌ವೇರಿಂದು ಅಂತ ಕೇಳಿದ್ರ ಯಂತ್ರಾನ ಹೇಳತೈತ್ರಿ. ನಲವತ್ತರದ್ದು ಹೇಳ್ತು."

"ಉಳಿದದ್ದೊಂದು?"

"ಅದು ಯಾರದೂ ಅಲ್ರಿ. ಅಳಿಸಿ ಒಗದೆ."

"ಏನು ಬರದಿತ್ತು ಅದರಾಗ?"

"ಒಂದ ಸಾಲು. ಸೋಮವಾರ ಮುಂಜಾನೆ ಹತ್ತಕ್ಕ ಹದಿನೇಳನ್ನ ಕರಿ ಅಂತ. ಫಕೀರಪ್ಪನವರು ಯಾವಾಗೋ ಪರೀಕ್ಷಾ ಮಾಡಿ ಬಿಟ್ಟಿರಬೇಕ್ರಿ. ಅಳಿಸಿ ಹದಿನೈದು ದಿನ ಆತು. ಯಂತ್ರ ಗುಂಡಕಲ್ಲಿನಂಗ ಐತಿ."

ಅಜ್ಜ ಅವನತ್ತ ತಿರುಗಿದರು.

"ಯಾರದೂ ಅಲ್ಲ ಅಂತ ಯಂತ್ರ ಅಂತೇನು?"

"ಯಾವ ಸಾಫ್ಟ್‌ವೇರಿಂದೂ ಅಲ್ಲ ಅಂತ್ರಿ."

"ಹಂಗಾದ್ರ ಅದನ್ನ ಯಾರೋ ಮನುಷ್ಯಾ ಕೈಯಾರೆ ಇಟ್ಟಾನ."

ಇಷ್ಟು ಸರಳವಾದದ್ದು ತನಗೆ ಹೊಳೆಯಲಿಲ್ಲವಲ್ಲ ಎಂದು ಅಡಿವೆಪ್ಪನ ಕಿವಿ ಬಿಸಿಯಾದವು.

ಅಷ್ಟರಲ್ಲಿ ಹೊರಗೆ ಕೋಲಿನ ಸದ್ದು ಕೇಳಿತು. ಕಣ್ಣು ಕಾಣದ ಒಬ್ಬ ಮುದುಕಿ, ಸೊಸೆಯ ಹೆಗಲು ಹಿಡಿದು, ಬಗಲಲ್ಲಿ ಬುತ್ತಿಗಂಟು ಇರುಕಿಕೊಂಡು ಒಳಗೆ ಬಂದಳು.

"ಅಜ್ಜಾರ, ನಾ ಆಚಿ ದಂಡಿ ದ್ಯಾಮವ್ವ. ಆರಾಮ ಅದೀರಿಲ್ರಿ?"

"ಆರಾಮ ಅದೀನಿ ತಾಯಿ. ಬಿಸಿಲಾಗ ಯಾಕ ಬಂದಿ?"

"ನಂಬರ್ ಒತ್ತಾಕ ನನಗ ಕಣ್ಣಿಲ್ಲ. ನೀ ಒತ್ತಬ್ಯಾಡ ಅವ್ವಾ, ಯಂತ್ರಾನ ನಿನ್ನ ಕರೀತೈತಿ ಅಂದಿದ್ದ ಫಕೀರಪ್ಪ. ಮೂರು ವರ್ಷ ಒಂದು ಸೋಮವಾರ ತಪ್ಪಿಲ್ರಿ. ಹತ್ತಕ್ಕ ಫೋನ್ ಬರೂದು, ದೊಡ್ಡ ಗುರುಗಳ ಮಾತು ಕೇಳೂದು. ಈಗ ಎರಡು ಸೋಮವಾರ ಸುದ್ದಿಲ್ಲ. ಮಠದಾಗ ಯಾರಿಗರ ಏನರ ಆತೇನೋ ಅಂತ ಜೀವ ನಿಲ್ಲಲಿಲ್ಲ. ಫಕೀರಪ್ಪ ಎಲ್ಲಿ?"

ಅಜ್ಜ ಹೇಳಿದರು. ದ್ಯಾಮವ್ವ ಕೋಲು ಕೆಳಗಿಟ್ಟು ಅಲ್ಲೇ ಕೂತಳು. ಕಾಣದ ಕಣ್ಣಲ್ಲಿ ನೀರು ಬಂತು.

"ಅಂವ ಹೋಗಿ ಆರು ತಿಂಗಳಾದ್ರೂ ಅಂವನ ಫೋನ್ ಬರತಿತ್ತಲ್ರಿ," ಅಂದಳು. "ಎಂಥಾ ಪುಣ್ಯಾತ್ಮ!"

ಅಡಿವೆಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಅವಳ ಮುಂದೆ ಮಂಡಿಯೂರಿದ.

"ನಿಲ್ಲಿಸಿದಾಂವ ನಾನು ಅವ್ವಾ. ನಿನ್ನ ಫೋನು ಅಂತ ಗೊತ್ತಿರಲಿಲ್ಲ. ತಪ್ಪಾತು."

ದ್ಯಾಮವ್ವ ಕೈಚಾಚಿ ಅವನ ತಲೆ ಸವರಿದಳು.

"ಇರಲಿ ಬಿಡಪಾ. ಅದು ನಿಂತಿದ್ದಕ್ಕ ಹೊಳಿ ದಾಟಿ ಬಂದೆ, ಇಲ್ಲಾಂದ್ರ ಸೊಸಿ ಕರಕೊಂಡು ಬರತಿದ್ಲೇನು? ತಗೋ, ಸಜ್ಜಿ ರೊಟ್ಟಿ, ಗುರೆಳ್ಳ ಹಿಂಡಿ. ಫಕೀರಪ್ಪಗ ಅಂತ ತಂದಿದ್ದೆ. ನೀ ಉಣ್ಣು."

ಸೊಸೆ ಮುಖ ಆಚೆ ತಿರುಗಿಸಿ ನಕ್ಕಳು. ಅಡಿವೆಪ್ಪ ಎರಡೂ ಕೈಯೊಡ್ಡಿ ಗಂಟು ತೆಗೆದುಕೊಂಡ. ಬೈಸಿಕೊಂಡಿದ್ದರೆ ಸಂಕಟ ಇಷ್ಟು ಆಗುತ್ತಿರಲಿಲ್ಲ.

ಅವರು ದಾಸೋಹಕ್ಕೆ ಹೋದ ಮೇಲೆ ಅವನು ನೋಟ್‌ಬುಕ್ ತೆಗೆದ. ಗೊಣಗುತ್ತ ಬರೆದಿದ್ದ ಆ ಸಾಲು ಅಲ್ಲಿ ಹಾಗೇ ಇತ್ತು. ಬರೆಸಿದ ಅಜ್ಜನನ್ನು ಮನಸ್ಸಿನಲ್ಲೇ ನೆನೆದು, ಅದನ್ನು ಅಕ್ಷರ ಬಿಡದೆ ಇಟಿಸಿಯೊಳಗೆ ಮತ್ತೆ ಇಟ್ಟ. ಮಠದ ಭಕ್ತರ ಫೋನ್ ಪಟ್ಟಿ ತೆರೆದು ನೋಡಿದ. ಹದಿನೇಳನೆಯ ಹೆಸರು ದ್ಯಾಮವ್ವನದು.

ಹಿಂತಿರುಗಿ ಬಂದು ಅಜ್ಜನ ಎದುರು ತಲೆ ಬಗ್ಗಿಸಿ ನಿಂತ.

"ಉಸ್ತುವಾರಿ ಬ್ಯಾರೆಯವರಿಗೆ ಕೊಡ್ರಿ ಅಜ್ಜಾರ. ನನಗ ಆ ಯೋಗ್ಯತಾ ಇಲ್ಲ."

"ಇಂದಿನ ತನಕ ಇರಲಿಲ್ಲ," ಅಂದರು ಅಜ್ಜ. ಯಂತ್ರದ ಪಾಸ್‌ವರ್ಡ್ ಬರೆದ ಚೀಟಿ ಅವನ ಅಂಗೈಯಲ್ಲಿಟ್ಟು ಬೆರಳು ಮಡಿಚಿದರು.

ಅಡಿವೆಪ್ಪ ಚೀಟಿಯನ್ನು ಕಣ್ಣಿಗೊತ್ತಿಕೊಂಡ.

"ಫಕೀರಪ್ಪನವರಿಗೆ ಒಮ್ಮೆ ಕೈ ಮುಗೀಬೇಕು ಅನ್ನಸ್ತೈತ್ರಿ. ಅವರದೊಂದು ಗದ್ದುಗಿ ಇಲ್ಲ, ಪಟ ಇಲ್ಲ. ಎಲ್ಲಿ ನಿಂತು ಮುಗೀಲಿ?"

ಅಜ್ಜ ಎದ್ದು ಹೆಗಲ ಮೇಲೆ ಶಲ್ಯ ಹಾಕಿಕೊಂಡರು.

"ನಾಡಿದ್ದು ಸೋಮವಾರ," ಅಂದರು. "ಹತ್ತಕ್ಕ ಯಂತ್ರ ಆಕಿನ್ನ ಕರೀತೈತಿ. ಆಗ ಅದರ ಮುಂದ ನಿಂತು ಮುಗಿ."