ಮಿಂಚುಳ್ಳಿ ಗೆದ್ದ ಕಲ್ಲು

ಮಳೆಗಾಲ ಮುಗಿದು ಕೆರೆಯ ನೀರು ತಿಳಿಯಾದಾಗ ಮುದಿ ಕೊಕ್ಕರೆಯೊಂದು ನೀರಿನಿಂದ ತಲೆಯೆತ್ತಿದ ಕಲ್ಲಿನ ಮೇಲೆ ನಿಂತು ಮೀನು ಹಿಡಿಯುತ್ತಿತ್ತು. ಕಲ್ಲಿನ ಬುಡದ ಪಾಚಿ ತಿನ್ನಲು ಗೆಂಡೆಮರಿಗಳು ಬರುತ್ತಿದ್ದವು. ಅಲ್ಲಿ ನಿಂತವರಿಗೆ ಹೊಟ್ಟೆಯ ಚಿಂತೆಯಿರಲಿಲ್ಲ. ಅದನ್ನು ಕಂಡ ಮಿಂಚುಳ್ಳಿ ಹಾರಿಬಂದು ಕೊಕ್ಕರೆಯ ನೆತ್ತಿಯನ್ನು ಕುಕ್ಕಿತು.

"ಇಳಿ ಮಾವ, ಇನ್ನು ಇದು ನನ್ನ ಕಲ್ಲು."

"ಮೀನು ಇಬ್ಬರಿಗೂ ಸಾಲುತ್ತದಲ್ಲ ತಮ್ಮಾ."

"ಮೀನಿನ ಮಾತು ಬೇಡ, ಕಲ್ಲಿನ ಮಾತಾಡು."

ಜಗಳಕ್ಕೆ ನಿಂತರೆ ಹೊತ್ತಿನ ಊಟ ತಪ್ಪೀತೆಂದು ಕೊಕ್ಕರೆ ಕೆಳಗಿಳಿಯಿತು. ವರ್ಷ ಹೇಗೆ ಕಳೆಯುವುದೋ ಎಂದು ಅಳುಕುತ್ತಲೇ ಮೊಣಕಾಲುದ್ದ ನೀರಿನಲ್ಲಿ ನಿಂತುಕೊಂಡಿತು. ಚಳಿಗಾಲದಲ್ಲಿ ನೀರು ದಿನಕ್ಕೊಂದು ಗೇಣು ಹಿಂದೆ ಸರಿಯಿತು. ಜೊತೆಗೆ ಕೊಕ್ಕರೆಯೂ ಸರಿಯಿತು. ಬೇಸಿಗೆಯ ಹೊತ್ತಿಗೆ ಅದು ಕೆರೆಯ ನಡುವಿನ ಮಡುವನ್ನು ಮುಟ್ಟಿತ್ತು. ಇಡೀ ಕೆರೆಯ ಮೀನೆಲ್ಲ ಅಲ್ಲೇ ಕಿಕ್ಕಿರಿದಿತ್ತು.

ಮಿಂಚುಳ್ಳಿಯ ಕಲ್ಲು ಮಾತ್ರ ಬಿರುಕುಬಿಟ್ಟ ನೆಲದ ಮೇಲೆ ಒಣಗಿ ನಿಂತಿತ್ತು. ಎಮ್ಮೆಯೊಂದು ಅದಕ್ಕೆ ಮೈ ಉಜ್ಜುತ್ತಿತ್ತು. ಮೇಲೆ ಕೂತ ಮಿಂಚುಳ್ಳಿ ಸೊರಗಿ ಕಡ್ಡಿಯಾಗಿತ್ತು.

"ಇಲ್ಲಿಗೆ ಬಾರೋ ತಮ್ಮಾ," ಎಂದು ಕೊಕ್ಕರೆ ಕೂಗಿತು. "ಬಾಯಿ ತೆರೆದರೆ ಮೀನು ಬೀಳುತ್ತದೆ!"

"ಬರಬಹುದಿತ್ತು ಮಾವ. ಆದರೆ ನಾನು ಅತ್ತ ಬಂದಾಗ ಈ ಕಲ್ಲನ್ನು ಇನ್ಯಾರಾದರೂ ಹಿಡಿದುಕೊಂಡರೆ?"

ಬಾಯಿ ತುಂಬ ಮೀನಿದ್ದುದರಿಂದ ಕೊಕ್ಕರೆಗೆ ಉತ್ತರ ಕೊಡಲಾಗಲಿಲ್ಲ.