ಅವಾಚ್ಯ ಎಂದು ಬರೆದ ದೂರು

ಠಾಣೆಯ ಬರವಣಿಗೆ ಕಲಿಯಲು ಬಂದಿದ್ದ ಶಿಷ್ಯನೊಬ್ಬ ಗುರುವನ್ನು ಕೇಳಿದ: “ಗುರುಗಳೇ, ದೂರು ಕೊಡಲು ಬಂದವರು ಕೆಲವು ಸಲ ಬಾಯಲ್ಲಿ ಆಡಬಾರದ ಮಾತು ಹೇಳುತ್ತಾರೆ. ಇಂಥ ಮಾತಿನಿಂದ ನಮ್ಮನ್ನು ಬೈದರು ಎನ್ನುತ್ತಾರೆ. ಅದನ್ನು ಇದ್ದ ಹಾಗೆ ಬರೆಯಬೇಕೋ, ಮುಚ್ಚಿ ಬರೆಯಬೇಕೋ?”

ಗುರು ಬಹಳ ವರ್ಷ ಠಾಣೆಗಳಲ್ಲಿ ದೂರು ಬರೆದವನು. ನಿವೃತ್ತನಾದ ಮೇಲೆ ಹೊಸಬರಿಗೆ ಅದನ್ನೇ ಕಲಿಸುತ್ತಿದ್ದ. ಅವನು ಹೀಗೆ ಎನ್ನಲಿಲ್ಲ, ಹಾಗೆ ಎನ್ನಲಿಲ್ಲ. ಒಂದು ಕತೆ ಹೇಳಿದ.

ಒಂದು ಊರಿನ ಸಂತೆಯಲ್ಲಿ ಒಬ್ಬ ಹೆಂಗಸು ಹುಣಸೆಹಣ್ಣು ಮಾರುತ್ತಿದ್ದಳು. ಸಂತೆಯ ಬಾಗಿಲಲ್ಲೇ ಅವಳ ಜಾಗ. ಮೊದಲು ಅಲ್ಲಿ ಅವಳ ಅತ್ತೆ ಕೂರುತ್ತಿದ್ದಳು. ಅತ್ತೆಗೆ ಮೊಣಕಾಲು ಹಿಡಿದ ಮೇಲೆ ಸೊಸೆ ಬಂದು ಕೂತಳು. ಮಡಿಲಲ್ಲಿ ಇನ್ನೂ ಹಾಲು ಬಿಡದ ಗಂಡುಮಗು.

ಅವಳ ಹಿಂದಿನ ಸಾಲಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ. ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗ ತನಗೆ ಬೇಕೆಂದು ಅವನ ಆಸೆ. ನಯವಾಗಿ ಕೇಳಿದ. ಅವಳು ಕೊಡಲಿಲ್ಲ. ಗದರಿಸಿ ಕೇಳಿದ. ಆಗಲೂ ಕೊಡಲಿಲ್ಲ.

ಒಂದು ಸಂತೆಯ ದಿನ ಜನ ಕಿಕ್ಕಿರಿದಿದ್ದಾಗ ಅವನು ಬಂದು ಅವಳ ಬುಟ್ಟಿಯನ್ನು ಒದ್ದ. ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ಹಾದರಕ್ಕೆ ಹುಟ್ಟಿದ್ದನ್ನು ಸಂತೆಗೆ ತಂದು ತೋರಿಸುತ್ತೀಯೇನೇ? ಈ ಕೂಸು ನಿನ್ನ ಗಂಡನದಲ್ಲ. ಯಾರದೆಂದು ನನಗೆ ಗೊತ್ತು.”

ಅವಳು ಹುಣಸೆಹಣ್ಣನ್ನು ಆರಿಸಿ ಬುಟ್ಟಿಗೆ ತುಂಬಿಕೊಂಡು ಮನೆಗೆ ಹೋದಳು. ಮಾತು ಅವಳಿಗಿಂತ ಮೊದಲೇ ಮನೆ ಸೇರಿತ್ತು. ಅತ್ತೆ ಮಗುವಿನ ಮೂಗು ನೋಡಿದಳು, ಕಿವಿ ನೋಡಿದಳು, ಎತ್ತಿಕೊಳ್ಳಲಿಲ್ಲ. ಗಂಡ ಏನೂ ಕೇಳಲಿಲ್ಲ. ಉಣ್ಣುತ್ತ ಕೂತವನು ತುತ್ತು ಕೈಯಲ್ಲಿ ಹಿಡಿದು ಮಗುವಿನ ಮುಖವನ್ನೇ ನೋಡಿದ. ಕೇಳಿದ್ದರೆ ಅವಳು ಉತ್ತರ ಕೊಡುತ್ತಿದ್ದಳು.

ಅವಳು ಠಾಣೆಗೆ ಹೋದಳು. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ದೂರು ಬರೆಯುವವನು ಕೆಟ್ಟವನಲ್ಲ. ಅಕ್ಷರ ದುಂಡಗೆ, ಕೈ ಚುರುಕು. ಆದರೆ ಯಾರು ಯಾರೊಡನೆ ಜಗಳವಾಡಿ ಬಂದರೂ ಅವನು ಬರೆಯುತ್ತಿದ್ದದ್ದು ಒಂದೇ. “ಸದರಿ ವ್ಯಕ್ತಿಯು ವಿನಾಕಾರಣ ಜಗಳ ತೆಗೆದು, ಅವಾಚ್ಯ ಶಬ್ದಗಳಿಂದ ಬೈದು, ಕೈಗಳಿಂದ ಹೊಡೆದು, ಪ್ರಾಣ ಬೆದರಿಕೆ ಹಾಕಿರುತ್ತಾನೆ.” ಅಣ್ಣತಮ್ಮಂದಿರ ಜಗಳಕ್ಕೂ ಅದೇ, ನಲ್ಲಿ ನೀರಿನ ಜಗಳಕ್ಕೂ ಅದೇ. ಅವನಿಗೆ ಕಲಿಸಿದವರೂ ಹಾಗೇ ಬರೆಯುತ್ತಿದ್ದರು. ಬರೆದದ್ದನ್ನು ಓದಿ ಹೇಳಬೇಕೆಂಬುದು ನಿಯಮ. ಅವನು ಒಂದೇ ಉಸಿರಿಗೆ ಓದಿ ಮುಗಿಸಿದ. ಸರ್ಕಾರದ ಭಾಷೆ ಹೀಗೇ ಇರುತ್ತದೆ ಎಂದುಕೊಂಡು ಅವಳು ಸಹಿ ಹಾಕಿದಳು.

ವ್ಯಾಪಾರಿಯನ್ನು ಕರೆಸಿದರು. ಅವನು ಹೆದರುತ್ತಲೇ ಬಂದ. ದೂರು ಓದುವುದನ್ನು ಕೇಳಿ ಅವನ ಭಯ ಹೋಯಿತು. ತಾನು ಹೊಡೆದೇ ಇಲ್ಲ, ಬೇಕಾದರೆ ಸಂತೆಯವರನ್ನೇ ಕೇಳಿ ಎಂದ. ಪ್ರಾಣ ಬೆದರಿಕೆ ಹಾಕಿಲ್ಲ ಎಂದ. ಇವೆರಡೂ ನಿಜ. ಬೈದದ್ದು ಹೌದು, ಕೋಪದಲ್ಲಿ ಬಾಯಿ ಜಾರಿತು, ತಪ್ಪಾಯಿತು ಎಂದು ಕೈಮುಗಿದ. ಅಧಿಕಾರಿ ಇಬ್ಬರಿಗೂ ಬುದ್ಧಿ ಹೇಳಿ ಕಳಿಸಿದ. ಬೈಸಿಕೊಂಡವಳಿಗೂ ಬುದ್ಧಿ ಹೇಳಿದ.

ಮುಂದಿನ ಸಂತೆಯಲ್ಲಿ ವ್ಯಾಪಾರಿ ಬೆಲ್ಲ ತೂಗುತ್ತ ಗಿರಾಕಿಗಳಿಗೆ ಹೇಳಿದ: “ಬೈದದ್ದಕ್ಕೆ ತಪ್ಪಾಯಿತು ಅಂದೆ. ಹೇಳಿದ್ದು ಸುಳ್ಳು ಅಂತ ಅಂದೆನೇ?” ಗಿರಾಕಿಗಳು ನಕ್ಕರು.

ಅವಳು ಬುಟ್ಟಿಯನ್ನು ಅಲ್ಲೇ ಬಿಟ್ಟು ಮಗುವನ್ನು ಎತ್ತಿಕೊಂಡು ಮತ್ತೆ ಠಾಣೆಗೆ ಹೋದಳು. ಬರೆಯುವವನು, ಆ ಕತೆ ಮುಗಿಯಿತಲ್ಲ, ನೀನೇ ಸಹಿ ಹಾಕಿದ್ದೀಯಲ್ಲ ಎಂದ. ನೀವು ಓದಿದ್ದಕ್ಕೆ ಸಹಿ ಹಾಕಿದೆ, ಆದರೆ ನಾನು ಹೇಳಿದ್ದನ್ನು ನೀವು ಓದಲೇ ಇಲ್ಲ ಎಂದಳು ಅವಳು. ವಿನಾಕಾರಣ ಎಂದು ಬರೆದಿರಿ, ಕಾರಣ ಇತ್ತು, ಅವನಿಗೆ ನನ್ನ ಜಾಗ ಬೇಕಿತ್ತು ಎಂದಳು. ಹೊಡೆದ ಎಂದು ಬರೆದಿರಿ, ಹೊಡೆದಿದ್ದರೆ ಇಷ್ಟು ಹೊತ್ತಿಗೆ ವಾಸಿಯಾಗುತ್ತಿತ್ತು ಎಂದಳು. ಅವನು ಮಾಡದೆ ಇದ್ದದ್ದೆಲ್ಲ ಇದೆ, ಮಾಡಿದ್ದು ಒಂದೇ ಇಲ್ಲ ಎಂದಳು.

ಬೆಂಚಿನ ಮೇಲೆ ಕಾಯುತ್ತಿದ್ದವನೊಬ್ಬ, ಈ ಹೆಂಗಸಿಗೆ ಬಾಯಿ ಜಾಸ್ತಿ ಎಂದು ಪಕ್ಕದವನಿಗೆ ಹೇಳಿದ. ಅವಳು ತಿರುಗಿ ನೋಡಿ, ಬಾಯಿ ಇಲ್ಲದವರು ನಿಮ್ಮ ಹಾಗೆ ಬೆಳಿಗ್ಗೆಯಿಂದ ಬೆಂಚು ಕಾಯುತ್ತಾರೆ ಅಣ್ಣ ಎಂದಳು. ಪಕ್ಕದವನಿಗೆ ನಗು ತಡೆಯಲಾಗಲಿಲ್ಲ.

ಬರೆಯುವವನು ದನಿ ತಗ್ಗಿಸಿ, ಅವಳ ಒಳ್ಳೆಯದಕ್ಕೇ ಎಂಬಂತೆ ಹೇಳಿದ: “ಅಂಥ ಮಾತನ್ನು ಕಾಗದದ ಮೇಲೆ ಬರೆಯಲಿಕ್ಕಾಗುತ್ತದೇನಮ್ಮ? ನಾಳೆ ನಾಲ್ಕು ಜನ ಓದುತ್ತಾರೆ. ಹೋಗುವುದು ನಿನ್ನ ಮರ್ಯಾದೆಯೇ.”

“ನಾಲ್ಕು ಜನ ಓದಲಿ ಸ್ವಾಮಿ, ಇಡೀ ಸಂತೆಯೇ ಕೇಳಿದೆ. ನೀವು ಬರೆದರೆ ಅದಕ್ಕೆ ಅವನು ಉತ್ತರ ಹೇಳಬೇಕು. ಬರೆಯದಿದ್ದರೆ ಸಾಯುವ ತನಕ ನಾನು ಹೇಳಬೇಕು. ನಾನು ಹೋದ ಮೇಲೆ ಇವನು ಹೇಳಬೇಕು.”

ಅವಳು ಮೇಜಿನ ಮುಂದಿನಿಂದ ಕದಲಲಿಲ್ಲ. ಮಗು ಅತ್ತಿತು, ಅಲ್ಲೇ ಸೆರಗು ಹೊದೆಸಿ ಹಾಲು ಕೊಟ್ಟಳು. ಬರೆಯುವವನು ಕೊನೆಗೆ ಹೊಸ ಹಾಳೆ ತೆಗೆದ. ಎಲ್ಲಿ ಕೂತಿದ್ದೆ, ಅವನು ಯಾವ ಕಡೆಯಿಂದ ಬಂದ, ಕೈಯಿಂದಲೋ ಕಾಲಿನಿಂದಲೋ, ಹತ್ತಿರ ಯಾರಿದ್ದರು ಎಂದು ಒಂದೊಂದನ್ನೇ ಕೇಳಿ ಬರೆದ. ಆ ಮಾತು ಬಂದಲ್ಲಿ ಪೆನ್ನು ನಿಂತಿತು. ಮೆಲ್ಲಗೆ ಹೇಳಮ್ಮ ಎಂದ. ವ್ಯಾಪಾರಿ ಎಷ್ಟು ಜೋರಾಗಿ ಹೇಳಿದ್ದನೋ ಅಷ್ಟೇ ಜೋರಾಗಿ ಅವಳು ಹೇಳಿದಳು. ಬಾಗಿಲಲ್ಲಿದ್ದ ಪೇದೆ ನೆಲ ನೋಡಿದ. ಬರೆಯುವವನು ಅವಳು ಹೇಳಿದ್ದನ್ನು ಹೇಳಿದ ಹಾಗೆ ಬರೆದ. ಈ ಸಲ ನಿಧಾನವಾಗಿ ಓದಿದ. ಅವಳು ಪೂರ್ತಿ ಕೇಳಿ ಸಹಿ ಹಾಕಿದಳು.

ವ್ಯಾಪಾರಿಯನ್ನು ಮತ್ತೆ ಕರೆಸಿದರು. ಅವನು ನಗುತ್ತ ಬಂದ. ಬೈದದ್ದಕ್ಕೆ ಇನ್ನೊಂದು ಸಲ ತಪ್ಪಾಯಿತು ಎಂದ. ಅಧಿಕಾರಿ, ಬೈದದ್ದು ಹಾಗಿರಲಿ ಎಂದು ದೂರಿನಲ್ಲಿದ್ದ ಮಾತನ್ನು ಓದಿದ. ಇವಳ ಪಕ್ಕದಲ್ಲಿ ಬೆಳ್ಳುಳ್ಳಿ ಮಾರುವವಳೂ ಬೆಲ್ಲ ಕೊಳ್ಳಲು ನಿಂತಿದ್ದ ಗಿರಾಕಿಯೂ ಇದೇ ಮಾತನ್ನು ಕೇಳಿದ್ದೇವೆ ಎನ್ನುತ್ತಾರೆ ಎಂದ. ನೀನು ಹೇಳಿದ್ದು ನಿಜವಾದರೆ ನಿನಗೆ ಹೇಗೆ ಗೊತ್ತು, ಏನು ನೋಡಿದೆ, ಯಾವಾಗ ನೋಡಿದೆ ಎಂದು ಹೇಳು. ಸುಳ್ಳಾದರೆ ಸುಳ್ಳು ಎನ್ನು ಎಂದ.

ವ್ಯಾಪಾರಿಯ ನಗು ನಿಂತಿತು. ಅವನು ಬರೆಯುವವನ ಕಡೆ ಬಾಗಿ ಬೇಡಿಕೊಂಡ: “ಹೋದ ಸಲದ ಹಾಗೆ ಅವಾಚ್ಯ ಶಬ್ದ ಅಂತಲೇ ಬರೆದುಬಿಡಿ ಸ್ವಾಮಿ. ಪಾಪ, ಹೆಣ್ಣುಮಗಳ ಮಾನದ ಪ್ರಶ್ನೆ.”

“ನನ್ನದು ಬರೆದಾಯಿತು ಯಜಮಾನರೇ,” ಎಂದಳು ಅವಳು. “ಈಗ ನಿಮ್ಮದನ್ನು ಬರೆಯುತ್ತಾರೆ. ಹೇಳಿ.”

ಅವನು ಮತ್ತೆ ಅಧಿಕಾರಿಯ ಕಡೆ ತಿರುಗಿದ. ಆಮೇಲೆ, ತನಗೆ ಏನೂ ಗೊತ್ತಿಲ್ಲ, ಏನೂ ನೋಡಿಲ್ಲ, ಜಾಗಕ್ಕಾಗಿ ಸುಳ್ಳು ಹೇಳಿದೆ ಎಂದ. ಅದನ್ನೂ ಅವನು ಹೇಳಿದ ಹಾಗೆಯೇ ಬರೆದು, ಓದಿ, ಸಹಿ ಹಾಕಿಸಿದರು.

ಅವಳು ಎರಡರ ನಕಲನ್ನೂ ಕೇಳಿ ಪಡೆದಳು. ಮನೆಗೆ ಹೋಗಿ ಗಂಡನ ಕೈಗೆ ಕೊಟ್ಟು, ಅಮ್ಮನಿಗೆ ಕೇಳುವ ಹಾಗೆ ಓದು ಎಂದಳು. ಅವನು ಓದಿದ. ತಡವರಿಸಿದಲ್ಲಿ ಮತ್ತೆ ಓದಿಸಿದಳು. ಓದಿ ಮುಗಿದ ಮೇಲೆ ಅತ್ತೆ ಮಗುವಿಗಾಗಿ ಕೈ ಚಾಚಿದಳು. ಸೊಸೆ ತಕ್ಷಣ ಕೊಡಲಿಲ್ಲ. ಮುಂದಿನ ಸಂತೆಗೆ ಅದೇ ಬಾಗಿಲಲ್ಲಿ, ಅದೇ ಜಾಗದಲ್ಲಿ ಬುಟ್ಟಿ ಇಟ್ಟಳು.

ಗುರು ಕತೆ ನಿಲ್ಲಿಸಿದ. ಶಿಷ್ಯನಿಗೆ ಇನ್ನೂ ಸಮಾಧಾನವಾಗಿರಲಿಲ್ಲ. ಅವನು ಕೇಳಿದ: “ಎಲ್ಲ ಸರಿ ಗುರುಗಳೇ. ಆದರೂ ಅಂಥ ಹೊಲಸು ಮಾತನ್ನು ನನ್ನ ಕೈಯಾರೆ ಹೇಗೆ ಬರೆಯಲಿ?”

ಗುರು ಹೇಳಿದ: “ಅದನ್ನು ಆಡುವ ಮೊದಲು ಆ ವ್ಯಾಪಾರಿ ಯಾವ ಗುರುವಿನ ಬಳಿಯೂ ಹೋಗಿ ಹೀಗೆ ಕೇಳಲಿಲ್ಲ.”