ದುಮ್ಮನಿಗೆ ಅರ್ಥವಾಗದ 'ಹೋಗಿ ಬಾ'

ಲೋಕ ಆಗಷ್ಟೇ ಹುಟ್ಟಿತ್ತು ಕಣೇ ಹಂಸಿ. ಬೆಟ್ಟಗಳು ಇನ್ನೂ ಮೆತ್ತಗಿದ್ದವು, ಕಾಲಿಟ್ಟರೆ ಹೆಜ್ಜೆ ಮೂಡೋದು. ಗಾಳಿಗೆ ಯಾವ ಕಡೆ ಬೀಸಬೇಕು ಅಂತ ಗೊತ್ತಿರಲಿಲ್ಲ. ಒಂದಿಷ್ಟು ದೂರ ಈ ಕಡೆ ಬೀಸಿ, "ಅಯ್ಯೋ, ತಪ್ಪಾಯ್ತಾ?" ಅಂತ ಆ ಕಡೆ ಓಡೋದು. ಎಲ್ಲರಿಗೂ ಎಲ್ಲದರಲ್ಲೂ ಗೊಂದಲ.

ಅಂಥ ಒಂದು ಬೆಟ್ಟದ ಹುಲ್ಲಿನಲ್ಲಿ, ನಮ್ಮ ಗೂಡಿನಲ್ಲಿರೋ ಅಂಥವೇ ಎರಡು ಗಿನಿ ಪಿಗ್ ಇದ್ದವು. ಗಂಡಿನ ಹೆಸರು ದುಮ್ಮ, ಹೆಣ್ಣಿನ ಹೆಸರು ಚಿಗುರಿ. ಇಡೀ ಲೋಕಕ್ಕೆ ಆ ಜಾತಿಯಲ್ಲಿ ಇದ್ದಿದ್ದೇ ಅವರಿಬ್ಬರು.

ನಮ್ಮ ಕಡೆಯ ಬೆಟ್ಟ ಅಲ್ಲ ಅದು, ಸಮುದ್ರದ ಆಚೆ ಎಲ್ಲೋ. ಆದರೆ ಆಗ ಅಲ್ಲೂ ಕನ್ನಡವನ್ನೇ ಮಾತಾಡುತ್ತಿದ್ದರು. ಇಲ್ಲ ಅನ್ನೋರು ಯಾರಾದರೂ ಇದ್ದರೆ ನನ್ನ ಹತ್ತಿರ ಕಳಿಸು, ನಾನು ವಿಚಾರಿಸಿಕೊಳ್ತೀನಿ.

ಆ ಬೆಟ್ಟದ ಮೇಲೆ ಕೊರೆಯೋ ಚಳಿ. ಸಂಜೆ ಆದರೆ ಸಾಕು, ಇಬ್ಬರೂ ಬಂಡೆಯ ಸಂದಿಯಲ್ಲಿ ಮೈಗೆ ಮೈ ಒತ್ತಿಕೊಂಡು ಮಲಗಬೇಕು. ಒಬ್ಬರೇ ಮಲಗಿದರೆ ಬೆಳಗಾಗುವಷ್ಟರಲ್ಲಿ ಸೆಟೆದುಕೊಂಡು ಹೋಗುತ್ತಿದ್ದರು. ಇದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಒಬ್ಬರನ್ನು ಬಿಟ್ಟು ಇನ್ನೊಬ್ಬರು ದೂರ ಹೋದವರೇ ಅಲ್ಲ.

ಒಂದು ದಿನ ಬೆಳಿಗ್ಗೆ ಚಿಗುರಿ ಎದ್ದಳು. ಮೈಯೆಲ್ಲ ಏನೋ ಒಂಥರಾ. ಹುಲ್ಲು ಬೇಡ, ನೀರು ಬೇಡ. ಕೂತರೆ ಏಳೋಣ ಅನಿಸುತ್ತೆ, ಎದ್ದರೆ ಕೂರೋಣ ಅನಿಸುತ್ತೆ.

ಅದು ಬೆದೆ ಕಣೇ. ಹಸು ಬೆದೆಗೆ ಬಂದಾಗ ಸುಮ್ಮಸುಮ್ಮನೆ ಕೂಗುತ್ತಾ ಹಗ್ಗ ಜಗ್ಗಲ್ವಾ, ಅದೇ. ಇನ್ನು ಮರಿ ಬೇಕು ಅಂತ ಮೈ ಹೇಳೋ ಮಾತು ಅದು. ಏಯ್, ನಗಬೇಡ, ಇದರಲ್ಲಿ ನಗೋ ಅಂಥದ್ದು ಏನಿದೆ? ಆದರೆ ಆ ಬೆಟ್ಟದಲ್ಲಿ ಅದೇ ಮೊದಲನೇ ಬೆದೆ. ಹೇಳಿಕೊಡೋಕೆ ಚಿಗುರಿಗೆ ಅಮ್ಮ ಇಲ್ಲ, ಅಜ್ಜಿ ಇಲ್ಲ. ಪಾಪ, ತನಗೆ ಏನಾಗಿದೆ ಅಂತ ಅವಳಿಗೇ ತಿಳಿಯಲಿಲ್ಲ.

ದುಮ್ಮ ಯಾವತ್ತಿನ ಹಾಗೆ ಪಕ್ಕಕ್ಕೆ ಬಂದ. "ಏನಾಯ್ತೇ?" ಅಂದ.

"ಹೋಗು ಅತ್ಲಾಗೆ!" ಅಂದಳು ಚಿಗುರಿ.

ದುಮ್ಮ ಹೋದ. ಬಂಡೆಯವರೆಗೂ ಹೋಗಿರಲಿಲ್ಲ, ಹಿಂದಿನಿಂದ ಕೂಗು ಬಂತು. "ಎಲ್ಲಿಗೆ ಹೊರಟೆ? ಬಾ ಇಲ್ಲಿ!"

ದುಮ್ಮ ಬಂದ.

"ಯಾಕೆ ಬಂದೆ? ಹೋಗು!"

ಹೋದ. "ಬಾ!" ಅಂದಳು, ಬಂದ. "ಹೋಗು!" ಅಂದಳು, ಹೋದ. ಪಾಪದವನು, ಬಂದಿದ್ದೂ ತಪ್ಪು, ಹೋಗಿದ್ದೂ ತಪ್ಪು.

"ಅಲ್ಲ ಕಣೇ, ನೀನೇ ಕರೆದೆಯಲ್ಲ?" ಅಂತ ಕೇಳಿದ.

"ನಾನೆಲ್ಲಿ ಕರೆದೆ?" ಅಂತ ಚಿಗುರಿ ಹಲ್ಲು ಕಟಕಟ ಕಡಿದಳು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಬೆನ್ನು ತಿರುಗಿಸಿ, ಚುರ್ರ್ ಅಂತ ಅವನ ಮುಖಕ್ಕೇ ಉಚ್ಚೆ ಹಾರಿಸಿದಳು.

ಈಗ ನಗು, ಪರವಾಗಿಲ್ಲ. ನಾನೂ ನಕ್ಕಿದ್ದೀನಿ.

ದುಮ್ಮನಿಗೆ ಮಾತ್ರ ನಗು ಬರಲಿಲ್ಲ. ನದಿಗೆ ಹೋಗಿ ಮುಖ ತೊಳೆದುಕೊಂಡ. "ನದಿಯಮ್ಮ, ನನಗೆ ಒಂದೂ ಅರ್ಥ ಆಗ್ತಿಲ್ಲ. ಹೋಗು ಅಂತಾಳೆ, ಬಾ ಅಂತಾಳೆ. ನಾನೇನು ಮಾಡಲಿ?" ಅಂತ ಕೇಳಿದ.

ನದಿ ಆಗತಾನೇ ಹರಿಯೋದು ಕಲಿತಿತ್ತು. ಅದಕ್ಕೆ ಅದೇ ಜಂಬ. "ಹೋಗು ಅಂದರೆ ಹೋಗಬೇಕಪ್ಪ. ಎರಡು ಸಲ ಹೇಳಿಸಿಕೋಬಾರದು. ನನ್ನನ್ನು ನೋಡು, ಹೊರಟ ಮೇಲೆ ಒಂದು ಸಲವಾದರೂ ತಿರುಗಿ ನೋಡಿದ್ದೀನಾ?" ಅಂತು.

ದುಮ್ಮ ಗಾಳಿಯನ್ನೂ ಕೇಳಿದ.

"ಬಾ ಅಂದಳಾ? ಹಾಗಾದರೆ ಹೋಗು," ಅಂತು ಗಾಳಿ. "ಅಲ್ಲಲ್ಲ, ಹೋಗು ಅಂದಳಾ? ಹಾಗಾದರೆ... ತಾಳು, ನಾನು ಆ ಕಡೆ ಹೊರಟಿದ್ನೋ ಈ ಕಡೆ ಹೊರಟಿದ್ನೋ?" ಅಂತ ತಲೆ ಕೆರೆದುಕೊಂಡು ಹೊರಟೇಹೋಯ್ತು.

ದುಮ್ಮ ಕಲ್ಲಿನ ಮೇಲೆ ಕೂತು ಯೋಚನೆ ಮಾಡಿದ. ಎಷ್ಟು ಯೋಚಿಸಿದರೂ ಒಂದೇ ಮಾತು ತಲೆಗೆ ಬಂತು. ಚಿಗುರಿಗೆ ನಾನು ಬೇಡವಾದೆ. ಹಾಗಂದುಕೊಂಡವನೇ ಬೆಟ್ಟ ದಾಟಿ ಆಚೆ ಕಡೆಗೆ ಹೋಗಿಬಿಡೋದು ಅಂತ ಮನಸ್ಸು ಮಾಡಿದ. ಅಲ್ಲಿಗೆ ಒಬ್ಬನೇ ಹೋದರೆ ಚಳಿಗೆ ಅವನು ಉಳಿಯಲ್ಲ, ಇಲ್ಲಿ ಒಬ್ಬಳೇ ಇದ್ದರೆ ಅವಳೂ ಉಳಿಯಲ್ಲ. ಆದರೆ ಬೇಸರ ಬಂದಾಗ ಯಾರಿಗೆ ಅದೆಲ್ಲ ನೆನಪಿರುತ್ತೆ ಹೇಳು?

ಅವನು ಹೇಳದೆ ಹೋಗೋ ಪೈಕಿ ಅಲ್ಲ. ಬಿಸಿಲು ಇಳಿಯೋ ಹೊತ್ತಿಗೆ ಚಿಗುರಿಯ ಮುಂದೆ ಬಂದು ನಿಂತ.

"ಬೆಟ್ಟದ ಆಚೆ ಹೋಗ್ತಿದ್ದೀನಿ ಚಿಗುರಿ. ಇನ್ನು ನಿನಗೆ ನನ್ನ ಕಾಟ ಇರಲ್ಲ," ಅಂದ.

ಚಿಗುರಿ ಇಷ್ಟನ್ನು ಎಣಿಸಿರಲಿಲ್ಲ. 'ಹೋಗಬೇಡ' ಅನ್ನೋಣ ಅಂದರೆ ಬೆಳಿಗ್ಗೆಯಿಂದ ಹೋಗು ಹೋಗು ಅಂದ ಬಾಯಿ ಅದು, ಬಿಗುಮಾನ ಬಿಡಲಿಲ್ಲ. 'ಹೋಗು' ಅನ್ನೋಣ ಅಂದರೆ, ಹೊರಟು ನಿಂತವರಿಗೆ ಹಾಗೆ ಯಾರಾದರೂ ಅಂತಾರಾ? ನೀನು ಸ್ಕೂಲಿಗೆ ಹೊರಟಾಗ "ಅಜ್ಜಿ, ಹೋಗ್ತೀನಿ" ಅಂದರೆ ನಾನು ಬೈಯಲ್ವಾ? "ಬಿಡ್ತು ಅನ್ನು, ಹೋಗಿ ಬರ್ತೀನಿ ಅನ್ನು" ಅಂತ ಬಾಗಿಲಲ್ಲೇ ನಿಲ್ಲಿಸಿ ಹೇಳಿಸಲ್ವಾ? ಬರೀ ಹೋಗು ಅಂದರೆ ಹೋದವರು ತಿರುಗಿ ಬರಲ್ಲವೇನೋ ಅನ್ನೋ ಭಯ ಚಿಗುರಿಗೂ ಇತ್ತು.

ಅದಕ್ಕೇ ಅವಳು ಅಳು ನುಂಗಿಕೊಂಡು, ಮೆಲ್ಲಗೆ, "ಹೋಗಿ ಬಾ," ಅಂದಳು.

ಎತ್ತಿದ ಕಾಲು ಎತ್ತಿದ ಹಾಗೇ ದುಮ್ಮ ನಿಂತುಬಿಟ್ಟ.

ಬೇರೆ ಯಾರಾದರೂ ಆಗಿದ್ದರೆ, ಅದು ಕಳಿಸಿಕೊಡೋವಾಗ ಆಡೋ ಮಾತು ಅಂತ ತಿಳಿದು ಸುಮ್ಮನೆ ಹೋಗಿರೋರು. ಆದರೆ ದುಮ್ಮ ಹುಟ್ಟಿದಾಗಿನಿಂದ ಅವಳನ್ನು ಬಿಟ್ಟು ದೂರ ಎಲ್ಲಿಗೂ ಹೊರಟವನೇ ಅಲ್ಲ. ಆ ಮಾತು ಅವನ ಕಿವಿಗೆ ಬಿದ್ದಿದ್ದೇ ಅವತ್ತು. ಅವನು ಅದನ್ನು ಅಪ್ಪಣೆ ಅಂದುಕೊಂಡ! ಹೋಗಲೂ ಬೇಕು, ಬರಲೂ ಬೇಕು. ಎಷ್ಟು ದೂರ ಹೋಗಬೇಕು ಅಂತ ಅವಳು ಹೇಳಿರಲಿಲ್ಲ.

ಹಿಂಗಾಲಿಗೆ 'ಹೋಗಿ' ಅನ್ನೋದು ಕೇಳಿಸಿತು, ಮುಂಗಾಲಿಗೆ 'ಬಾ' ಅನ್ನೋದು ಕೇಳಿಸಿತು. ಹಿಂಗಾಲು ಆ ಕಡೆ ಎಳೆದರೆ ಮುಂಗಾಲು ಈ ಕಡೆ ಎಳೆಯಿತು. ನಡುವೆ ಸೊಂಟಕ್ಕೆ ಏನು ಮಾಡಬೇಕೋ ತೋಚದೆ ಅದು ಎಡಕ್ಕೂ ಬಲಕ್ಕೂ ಓಲಾಡತೊಡಗಿತು. ಹಾಗೆ ಓಲಾಡುತ್ತಾ ಓಲಾಡುತ್ತಾ ದುಮ್ಮ ಒಂದಿಷ್ಟು ಹೋದ, ಒಂದಿಷ್ಟು ಬಂದ. ಮತ್ತೆ ಹೋದ, ಮತ್ತೆ ಬಂದ. ಚಿಗುರಿಯ ಸುತ್ತಲೇ ಸುತ್ತಿದ.

ಬಾಯಲ್ಲಿ ಮಾತ್ರ "ಹೋಗ್ಲಾ, ಬರ್ಲಾ, ಹೋಗ್ಲಾ, ಬರ್ಲಾ" ಅಂತ ಕೇಳುತ್ತಲೇ ಇದ್ದ. ಬೇಗ ಬೇಗ ಹೇಳಿ ಹೇಳಿ ಅದು ಗುರ್ರ್ರ್, ಗುರ್ರ್ರ್ ಅಂತಷ್ಟೇ ಕೇಳಿಸತೊಡಗಿತು.

"ಏನಿದು ನಿನ್ನ ಅವತಾರ? ಬೆಟ್ಟದ ಆಚೆ ಹೋಗ್ತೀನಿ ಅಂದೆಯಲ್ಲ?" ಅಂತ ಕೇಳಿದಳು ಚಿಗುರಿ.

"ನೀನೇ ಹೇಳಿದೆಯಲ್ಲೇ? ಇಗೋ, ಹೋದೆ. ಇಗೋ, ಬಂದೆ. ಸರಿ ಇದೆಯಾ? ಇಲ್ಲಾ ಇನ್ನೊಂದು ಸಲ ಹೋಗಬೇಕಾ?"

ಚಿಗುರಿಗೆ ಅಳುವಲ್ಲೇ ನಗು ಬಂತು. ನಗುವಲ್ಲೇ ಅಳು ಬಂತು. ಯಾವುದು ಮೊದಲು ಬಂತು ಅಂತ ಅವಳಿಗೂ ಗೊತ್ತಾಗಲಿಲ್ಲ. "ಸರಿ ಇದೆ ಕಣೋ, ಹೀಗೇ ಹೋಗಿ ಬರ್ತಾ ಇರು," ಅಂದಳು. ಅಂದವಳೇ ತಾನೇ ಬಂದು ಅವನ ಮೈಗೆ ಮೈ ಒತ್ತಿಕೊಂಡು ನಿಂತಳು. ಹೊತ್ತು ಮುಳುಗಿತು, ಬೆಟ್ಟಕ್ಕೆ ಚಳಿ ಇಳಿಯಿತು. ಬಂಡೆಯ ಸಂದಿಯಲ್ಲಿ ಇಬ್ಬರೂ ಬೆಚ್ಚಗಿದ್ದರು.

ಬೆಳಿಗ್ಗೆ ಎದ್ದು ನೋಡಿದರೆ, ಚಿಗುರಿ ಏನೂ ಆಗೇ ಇಲ್ಲ ಅನ್ನೋ ಹಾಗೆ ಹುಲ್ಲು ಮೇಯುತ್ತಿದ್ದಾಳೆ.

ದುಮ್ಮ ಹೆದರಿ ಹೆದರಿ ಹತ್ತಿರ ಹೋದ. "ನಿನ್ನೆ ನಿನಗೆ ಏನಾಗಿತ್ತು?"

"ನನಗೇನಾಗಿತ್ತು? ನಿನಗೇ ಏನೋ ಆಗಿತ್ತು. ಸುಮ್ಮನೆ ಹುಲ್ಲು ತಿನ್ನು," ಅಂದಳು.

ದುಮ್ಮ ಹುಲ್ಲು ತಿಂದ. ಆಮೇಲೆ ಅವರಿಗೆ ಮರಿಗಳಾದವು, ಮೈತುಂಬ ತುಪ್ಪಳ ಹೊದ್ದು, ಕಣ್ಣು ಬಿಟ್ಟುಕೊಂಡೇ ಹುಟ್ಟಿದ ಮುದ್ದು ಮರಿಗಳು. ಬೆಟ್ಟವೆಲ್ಲ ಅವರ ಸಂಸಾರವೇ ಆಯ್ತು. ಚಿಗುರಿಗೆ ಮತ್ತೆ ಬೆದೆ ಬಂತು, ಮತ್ತೆ ಹೋಗು ಅಂದಳು, ಮತ್ತೆ ಬಾ ಅಂದಳು. ಅವಳ ಮಾತಿನ ಅರ್ಥ ದುಮ್ಮನಿಗೆ ಕೊನೆಯವರೆಗೂ ಆಗಲಿಲ್ಲ. ಅರ್ಥ ಆಗದಿದ್ದರೂ ಅವನು ಬೆಟ್ಟದ ಆಚೆ ಹೋಗುವ ಮಾತು ಮಾತ್ರ ಇನ್ನೊಂದು ಸಲ ಎತ್ತಲಿಲ್ಲ.

ಅದಕ್ಕೇ ಹಂಸಿ, ನಮ್ಮ ಗೂಡಿನಲ್ಲಿ ಗಂಡು ಗಿನಿ ಪಿಗ್ ಒಂದೊಂದು ದಿನ ಸೊಂಟ ಓಲಾಡಿಸುತ್ತಾ, ಗುರ್ರ್ರ್ ಅನ್ನುತ್ತಾ ಹೆಣ್ಣಿನ ಸುತ್ತ ಸುತ್ತುತ್ತಲ್ಲ, ಅವಳು ಹಲ್ಲು ಕಡಿದರೂ ಬಿಡದೆ ಅಲ್ಲೇ ಇರುತ್ತಲ್ಲ, ಅವರು ಕಚ್ಚಾಡ್ತಿದ್ದಾರೆ ಅಂತ ನೀನು ಅಳಬೇಡ. ಅವಳು ಹೋಗಿ ಬಾ ಅಂದಿದ್ದಾಳೆ, ಅವನು ಎಲ್ಲಿಗೂ ಹೋಗದೆ ಹೋಗಿ ಬರ್ತಿದ್ದಾನೆ.